ತ್ರಿಕೋನದ ಮೂರನೇ ಬಾಹು

ಅಪ್ಪ ತೀರಿಕೊಂಡ ಹದಿಮೂರನೆಯ ದಿನ. ಊಟ ಮುಗಿಸಿದ ನೆಂಟರು ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದರು. ಇನ್ನು ಮುಂದೆ ಏನು ಎಂಬ ಮಾತು ಬಂತು. ಬರಲೇಬೇಕಿತ್ತು. ಸಾಗರದ ಕಡೆಯ ಹಳ್ಳಿಯಲ್ಲಿ ಎರಡೆಕರೆ ಅಡಿಕೆ ತೋಟ, ಹಳೆಯ ಮನೆ, ಅರವತ್ತು ದಾಟಿದ ಅಮ್ಮ. ಅಣ್ಣನಿಗೆ ಬೆಂಗಳೂರಿನಲ್ಲಿ ಕೆಲಸ. ನಾನೂ ಅಲ್ಲೇ, ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ.

ನಮ್ಮ ಮುಂದೆ ಮೂರು ಬೇಡಿಕೆಗಳಿದ್ದವು. ಅಮ್ಮ ಒಬ್ಬಳೇ ಇರಬಾರದು, ಇದು ಅಣ್ಣನದು. ಮನೆ, ತೋಟ ಪಾಳು ಬೀಳಬಾರದು, ಇದು ಅಮ್ಮನದು. ನನ್ನ ಓದು ಅರ್ಧಕ್ಕೆ ನಿಲ್ಲಬಾರದು. ಇದು ನನ್ನದು, ಆದರೆ ನನಗಿಂತ ಗಟ್ಟಿಯಾಗಿ ಹೇಳಿದವಳು ಅಮ್ಮ. ಮೂರೂ ನ್ಯಾಯವಾದವೇ. ಆದರೆ ಯಾವ ಎರಡನ್ನು ಹಿಡಿದರೂ ಮೂರನೆಯದು ಜಾರುತ್ತಿತ್ತು. ಅಮ್ಮನಿಗೆ ಜೊತೆ ಬೇಕು, ಮನೆಯೂ ಉಳಿಯಬೇಕು ಎಂದರೆ ನಾನು ಓದು ಬಿಟ್ಟು ಊರಿಗೆ ಬರಬೇಕು. ಅಮ್ಮನಿಗೆ ಜೊತೆ ಬೇಕು, ಓದೂ ಮುಗಿಯಬೇಕು ಎಂದರೆ ಮನೆಗೆ ಬೀಗ. ಮನೆ, ಓದು ಎರಡೂ ಇರಲಿ ಎಂದರೆ ಅಮ್ಮ ಒಂಟಿ. ಅಣ್ಣ ಕೆಲಸ ಬಿಟ್ಟು ಬರಲಿ ಎಂದು ಮಾತ್ರ ಆ ಜಗುಲಿಯಲ್ಲಿ ಯಾರೂ ಹೇಳಲಿಲ್ಲ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಸುಮಾರು ಹೊತ್ತು ಮಾತು ಸುತ್ತಿ ಸುತ್ತಿ ಅಲ್ಲೇ ಬಂತು. ಕೊನೆಗೆ ಸೋದರಮಾವ ಎದ್ದು ನಿಂತು ಹೆಗಲ ಮೇಲಿನ ಟವೆಲ್ ಕೊಡವಿದರು. "ತೋಟ ಚೇಣಿಗೆ ಕೊಡಿ. ಮನೆಗೆ ಬೀಗ ಹಾಕಿ. ನಿಮ್ಮಮ್ಮ ಬೆಂಗಳೂರಿಗೆ ಬರ್ಲಿ. ಹುಡುಗಿ ಓದು ಮುಗಿಸ್ಲಿ. ಇನ್ನು ಈ ವಿಷಯದಲ್ಲಿ ಮಾತು ಬ್ಯಾಡ."

ಮಾವ ಒಳ್ಳೆಯವರು. ಅಪ್ಪನ ಆಸ್ಪತ್ರೆಯ ದಿನಗಳಲ್ಲಿ ನಮ್ಮ ಜೊತೆ ನಿಂತವರು ಅವರೊಬ್ಬರೇ. ಅವರ ಮಾತಿಗೆ ಅಣ್ಣ ತಲೆಯಾಡಿಸಿದ. ನಾನೂ ಆಡಿಸಿದೆ. ಅಮ್ಮ "ಆಯ್ತು" ಎಂದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಎಂದೇ ಆವತ್ತು ನನಗೆ ಅನ್ನಿಸಿದ್ದು. ಆ ಹಗುರ ಎಲ್ಲಿಂದ ಬಂತು, ಅದನ್ನು ನಂಬಬಹುದಿತ್ತೇ ಎಂಬುದೇ ಈ ಬರಹದ ಪ್ರಶ್ನೆ.

*

ಈ ಪ್ರಶ್ನೆಗೂ ನನ್ನ ಸಂಶೋಧನೆಗೂ ಒಂದು ನಂಟಿದೆ. ನಾನು ಕೆಲಸ ಮಾಡುವುದು ಒಂದು ಬಗೆಯ ಅಯಸ್ಕಾಂತಗಳ ಮೇಲೆ. ಪ್ರಯೋಗಾಲಯದಲ್ಲಿ ಅಲ್ಲ, ಕಾಗದ ಮತ್ತು ಕಂಪ್ಯೂಟರಿನಲ್ಲಿ. ಇಂಗ್ಲಿಷಿನಲ್ಲಿ ಇವನ್ನು ಫ್ರಸ್ಟ್ರೇಟೆಡ್ ಮ್ಯಾಗ್ನೆಟ್ ಎನ್ನುತ್ತಾರೆ. ಹತಾಶ ಅಯಸ್ಕಾಂತ ಎಂದು ಅನುವಾದಿಸಿದರೆ ನಗು ಬರುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರದ ಪದ ಬೇರೆಯೇ ಇದೆ: ಧರ್ಮಸಂಕಟ.

ಪರಮಾಣುಗಳಲ್ಲಿ ಕೆಲವು ತಾವೇ ಪುಟ್ಟ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಆ ಗುಣಕ್ಕೆ ಸ್ಪಿನ್ ಎಂದು ಹೆಸರು. ಸದ್ಯಕ್ಕೆ ಅದನ್ನು ಮೇಲೆ ಅಥವಾ ಕೆಳಗೆ ನೋಡುವ ಒಂದು ಬಾಣ ಎಂದುಕೊಳ್ಳಿ. ಕೆಲವು ವಸ್ತುಗಳಲ್ಲಿ ಅಕ್ಕಪಕ್ಕದ ಬಾಣಗಳು ಒಂದೇ ದಿಕ್ಕಿಗೆ ನೋಡಲು ಬಯಸುತ್ತವೆ. ಮನೆಯಲ್ಲಿರುವ ಅಯಸ್ಕಾಂತ ಇಂಥದ್ದು. ಇನ್ನು ಕೆಲವು ವಸ್ತುಗಳಲ್ಲಿ ಪ್ರತಿ ಬಾಣವೂ ತನ್ನ ನೆರೆಯ ಬಾಣಕ್ಕೆ ವಿರುದ್ಧವಾಗಿರಲು ಬಯಸುತ್ತದೆ. ಚದುರಂಗದ ಹಾಸಿನಂಥ ಜಾಲದಲ್ಲಿ ಇದರಿಂದ ತೊಂದರೆಯಿಲ್ಲ. ಕಪ್ಪು ಮನೆಯಲ್ಲಿ ಮೇಲೆ, ಬಿಳಿ ಮನೆಯಲ್ಲಿ ಕೆಳಗೆ. ಎಲ್ಲರಿಗೂ ತೃಪ್ತಿ.

ಈಗ ಮೂರು ಬಾಣಗಳನ್ನು ತ್ರಿಕೋನದ ಮೂರು ಮೂಲೆಗಳಲ್ಲಿ ಇಡಿ. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಮೂರನೆಯದು? ಮೇಲೆ ನೋಡಿದರೆ ಮೊದಲನೆಯದರೊಂದಿಗೆ ಕೂಡುವುದಿಲ್ಲ, ಕೆಳಗೆ ನೋಡಿದರೆ ಎರಡನೆಯದರೊಂದಿಗೆ. ಒಟ್ಟು ಎಂಟು ರೀತಿಯಲ್ಲಿ ಈ ಮೂರು ಬಾಣಗಳನ್ನು ಜೋಡಿಸಬಹುದು. ಎಂಟನ್ನೂ ಬರೆದು ನೋಡಿ. ಮೂರೂ ಬಾಹುಗಳು ತೃಪ್ತವಾಗಿರುವ ಒಂದೂ ಸಿಗುವುದಿಲ್ಲ. ಆರರಲ್ಲಿ ಒಂದು ಬಾಹು ಅತೃಪ್ತ. ಉಳಿದೆರಡರಲ್ಲಿ, ಅಂದರೆ ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ನೋಡುವಾಗ, ಮೂರೂ ಅತೃಪ್ತ.

ಇಂಥ ತ್ರಿಕೋನಗಳನ್ನು ಹೆಣೆದ ಜಾಲದ ಲೆಕ್ಕವನ್ನು 1950ರಲ್ಲಿ ಗ್ರೆಗರಿ ವಾನಿಯರ್ ಮಾಡಿ ತೋರಿಸಿದರು. ಸಾಮಾನ್ಯವಾಗಿ ವಸ್ತುವನ್ನು ತಣ್ಣಗೆ ಮಾಡುತ್ತ ಹೋದರೆ ಅದರೊಳಗಿನ ಗೊಂದಲ ಕಡಿಮೆಯಾಗುತ್ತ ಬಂದು, ಕೊನೆಗೆ ಒಂದು ಅಚ್ಚುಕಟ್ಟಾದ ವ್ಯವಸ್ಥೆ ನೆಲೆಯಾಗುತ್ತದೆ. ಈ ಜಾಲದಲ್ಲಿ ಹಾಗಾಗುವುದಿಲ್ಲ. ಅತಿ ಶೀತದಲ್ಲೂ, ನಿರಪೇಕ್ಷ ಶೂನ್ಯದಲ್ಲೂ ಸಮಾನ ಯೋಗ್ಯತೆಯ ಅಸಂಖ್ಯ ಜೋಡಣೆಗಳು ಉಳಿದೇ ಇರುತ್ತವೆ. ಆ ಉಳಿಕೆಗೆ ಶೇಷ ಎಂಟ್ರೊಪಿ ಎನ್ನುತ್ತಾರೆ. ಫ್ರಸ್ಟ್ರೇಷನ್ ಎಂಬ ಹೆಸರು ಚಾಲ್ತಿಗೆ ಬಂದದ್ದು ತಡವಾಗಿ, 1977ರಲ್ಲಿ ಫ್ರಾನ್ಸಿನ ಜೆರಾರ್ ತುಲೂಸ್ ಬರೆದ ಪ್ರಬಂಧದ ಹೊತ್ತಿಗೆ.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ಒಂದು ಸರಳ ಸಂಗತಿ. ಈ ತ್ರಿಕೋನದಲ್ಲಿ ತಪ್ಪಿತಸ್ಥರಿಲ್ಲ. ಯಾವ ಬಾಣವೂ ಕೆಟ್ಟದ್ದಲ್ಲ, ಯಾವ ಬೇಡಿಕೆಯೂ ಅತಿಯಲ್ಲ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಎಲ್ಲವನ್ನೂ ಈಡೇರಿಸಬಹುದು, ಎರಡೆರಡನ್ನು ಕೂಡಿಸಿಯೂ ಈಡೇರಿಸಬಹುದು. ಮೂರೂ ಸೇರಿದಾಗ ಮಾತ್ರ ಸಾಧ್ಯವಿಲ್ಲ. ಅಡ್ಡಿ ಇರುವುದು ಆಕಾರದಲ್ಲಿ.

ನೀತಿಯ ವಿಷಯದಲ್ಲಿ ನಾವು ಯೋಚಿಸುವ ರೀತಿಗೆ ಇದು ಒಗ್ಗುವುದಿಲ್ಲ. ಮನೆಯಲ್ಲಿ ಕಷ್ಟ ಬಂದರೆ ಯಾರದೋ ತಪ್ಪಿರಬೇಕು ಎಂದು ಹುಡುಕುತ್ತೇವೆ. ಮಗ ಸ್ವಾರ್ಥಿ, ಮಗಳಿಗೆ ಓದಿನ ಹುಚ್ಚು, ತಾಯಿಗೆ ಮಣ್ಣಿನ ಮೋಹ ಎಂದು. ತತ್ವಶಾಸ್ತ್ರದಲ್ಲೂ ಇದಕ್ಕೆ ಗೌರವದ ಸ್ಥಾನವಿದೆ. ನಿಜವಾದ ಎರಡು ಕರ್ತವ್ಯಗಳು ಒಂದನ್ನೊಂದು ವಿರೋಧಿಸಲಾರವು ಎಂಬುದು ಕಾಂಟನ ನಿಲುವು. ಎರಡನ್ನೂ ಮಾಡಲಾಗದಿದ್ದರೆ ಅವುಗಳಲ್ಲಿ ಒಂದು ನಿನ್ನ ಕರ್ತವ್ಯವೇ ಆಗಿರಲಿಲ್ಲ ಎಂದು ಅದರ ಅರ್ಥ. 1965ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಇದಕ್ಕೆ ಎದುರಾಡಿದರು. ಇಕ್ಕಟ್ಟಿನಲ್ಲಿ ಸಿಕ್ಕವನು ಸರಿಯಾದುದನ್ನೇ ಆರಿಸಿಕೊಂಡರೂ, ಆರಿಸದೆ ಬಿಟ್ಟದ್ದು ಅಳಿಸಿಹೋಗುವುದಿಲ್ಲ. ಅದು ಅವನ ಮನಸ್ಸಿನಲ್ಲಿ ಶೇಷವಾಗಿ ಉಳಿಯುತ್ತದೆ, ಮತ್ತು ಹಾಗೆ ಉಳಿಯುವುದು ದೌರ್ಬಲ್ಯವಲ್ಲ ಎಂಬುದು ಅವರ ವಾದ.

ತ್ರಿಕೋನ ಈ ಜಗಳದಲ್ಲಿ ಯಾರು ಸರಿ ಎಂದು ಸಾಧಿಸಿ ತೋರಿಸುವುದಿಲ್ಲ. ಬಾಣಗಳಿಗೆ ಕರ್ತವ್ಯವಿಲ್ಲ, ನೋವೂ ಇಲ್ಲ. ಆದರೆ ನಮ್ಮೊಳಗಿನ ಒಂದು ಹಳೆಯ ನಂಬಿಕೆಯನ್ನು ಅದು ಅಲುಗಾಡಿಸುತ್ತದೆ. ಬಿಡಿಬಿಡಿಯಾಗಿ ಎಲ್ಲವೂ ನ್ಯಾಯವಾಗಿದ್ದರೆ ಒಟ್ಟಿಗೆ ಅವು ಸಾಧ್ಯವಾಗಲೇಬೇಕು ಎಂದು ನಾವು ನಂಬಿರುತ್ತೇವೆ. ಹಾಗೆಂದು ಯಾವ ನಿಯಮವೂ ಇಲ್ಲ.

*

ಇನ್ನು ಬಲವಾದ ಕಾಂತಕ್ಷೇತ್ರದ ವಿಚಾರ.

ಈ ಅಯಸ್ಕಾಂತಗಳನ್ನು ಹೊರಗಿನ ಕಾಂತಕ್ಷೇತ್ರದೊಳಗೆ ಇಟ್ಟರೆ ಬಾಣಗಳಿಗೆಲ್ಲ ಹೊಸದೊಂದು ಆಜ್ಞೆ ಬಂದಂತೆ: ನೆರೆಯವರ ಮಾತು ಬಿಟ್ಟು ನನ್ನ ಕಡೆ ನೋಡಿ. ಆಜ್ಞೆ ಮೆಲುದನಿಯದ್ದಾದರೆ ಯಾರೂ ಕಿವಿಗೊಡುವುದಿಲ್ಲ. ನಾವು ಬದುಕಿರುವ ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಒಂದು ಟೆಸ್ಲಾದ ಸುಮಾರು ಇಪ್ಪತ್ತೈದು ಸಾವಿರದ ಒಂದು ಪಾಲು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಅಮೆರಿಕದ ಟಲ್ಲಹಾಸಿಯಲ್ಲಿ 45 ಟೆಸ್ಲಾ ಕ್ಷೇತ್ರವನ್ನು ನಿರಂತರವಾಗಿ ಕೊಡಬಲ್ಲ ಅಯಸ್ಕಾಂತವಿದೆ. ಲಾಸ್ ಅಲಾಮೋಸ್‌ನಲ್ಲಿ 2012ರಲ್ಲಿ ಸುರುಳಿ ಒಡೆಯದಂತೆ 100 ಟೆಸ್ಲಾ ದಾಟಿದರು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. 100 ಟೆಸ್ಲಾದಲ್ಲಿ ಸುರುಳಿಯ ಮೇಲೆ ಬೀಳುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 40,000 ಪಟ್ಟು. ಅದಕ್ಕೂ ಮುಂದೆ ಹೋದರೆ ಕ್ಷೇತ್ರವನ್ನು ಹುಟ್ಟಿಸುವ ಸಾಧನವೇ ಸಿಡಿದುಹೋಗುತ್ತದೆ. 2018ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದವರು 1200 ಟೆಸ್ಲಾ ಮುಟ್ಟಿದ್ದು ಹೀಗೆಯೇ, ಸಾಧನವನ್ನು ಬಲಿಕೊಟ್ಟು.

ಕ್ಷೇತ್ರವನ್ನು ಸಾಕಷ್ಟು ಹೆಚ್ಚಿಸಿದಾಗ ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಇದಕ್ಕೆ ಸಂತೃಪ್ತ ಸ್ಥಿತಿ ಎಂದು ಹೆಸರು. ಇಂಗ್ಲಿಷಿನ ಸ್ಯಾಚುರೇಷನ್ ಎಂಬುದಕ್ಕೆ ನಮ್ಮ ಶಾಲಾ ಪುಸ್ತಕಗಳು ಕೊಟ್ಟ ಪದ ಅದು. ಸಂತೃಪ್ತ ದ್ರಾವಣ ಎಂದು ಓದಿದ್ದು ನೆನಪಿರಬಹುದು. ಈ ಸ್ಥಿತಿಯನ್ನು ವಿವರಿಸಲು ಸಂಶೋಧಕರ ಅಗತ್ಯವೇ ಇಲ್ಲ. ಗೊಂದಲವಿಲ್ಲ, ಶೇಷವಿಲ್ಲ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾರೆ ಎಂದರೆ ಮುಗಿಯಿತು.

ಆದರೆ ಎಂಟು ಜೋಡಣೆಗಳ ಪಟ್ಟಿಗೆ ಇನ್ನೊಮ್ಮೆ ಹೋಗಿ. ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ನೋಡುವಾಗ ತ್ರಿಕೋನದ ಎಷ್ಟು ಬಾಹುಗಳು ಅತೃಪ್ತ? ಮೂರಕ್ಕೆ ಮೂರೂ. ನೆರೆಯವರಿಗೆ ವಿರುದ್ಧವಾಗಿರಬೇಕೆಂಬ ಬಯಕೆ ಎಲ್ಲೂ ಹೋಗಿಲ್ಲ, ಒಂದಿಷ್ಟೂ ಕಡಿಮೆಯಾಗಿಲ್ಲ. ಕ್ಷೇತ್ರದ ಅಬ್ಬರದಲ್ಲಿ ಅದು ಕೇಳಿಸುತ್ತಿಲ್ಲ, ಅಷ್ಟೆ. ಕ್ಷೇತ್ರವಿಲ್ಲದಾಗ ಒಂದು ಬಾಹು ಮಾತ್ರ ಅತೃಪ್ತವಾಗಿತ್ತು. ಪರಿಪೂರ್ಣ ಶಿಸ್ತು ಬಂದಮೇಲೆ ಎಲ್ಲವೂ. ಇದಕ್ಕೆ ಸಂತೃಪ್ತ ಎಂಬ ಹೆಸರು! ನೋಟ್‌ಬುಕ್ಕಿನಲ್ಲಿ ಈ ಪದವನ್ನು ಬರೆಯುವಾಗ ಮೊದಲೆಲ್ಲ ಏನೂ ಅನ್ನಿಸುತ್ತಿರಲಿಲ್ಲ.

*

ಅನ್ನಿಸಿದ್ದು ಅಮ್ಮ ಬೆಂಗಳೂರಿಗೆ ಬಂದು ಐದು ತಿಂಗಳಾದ ಮೇಲೆ.

ಮಾವನ ತೀರ್ಮಾನದಲ್ಲಿ ಲೆಕ್ಕಕ್ಕೆ ಎರಡು ಬೇಡಿಕೆಗಳು ಈಡೇರಿದ್ದವು, ಒಂದು ಮಾತ್ರ ಬಿಟ್ಟುಹೋಗಿತ್ತು. ನಿಜದಲ್ಲಿ ಏನಾಯಿತು? ಮನೆಗೆ ಬೀಗ ಬಿತ್ತು. ಮಳೆಗಾಲದಲ್ಲಿ ಹೆಂಚು ಸರಿಸುವವರಿಲ್ಲದೆ ಅಡುಗೆಮನೆಯ ಗೋಡೆ ನೀರು ಕುಡಿಯಿತು. ತೋಟಕ್ಕೆ ಔಷಧಿ ಹೊತ್ತಿಗೆ ಸರಿಯಾಗಿ ಬೀಳದೆ ಕೊಳೆ ಬಂತು. ಅಮ್ಮ ಒಂಟಿಯಾಗಿರಬಾರದು ಎಂದು ಕರೆತಂದೆವು. ಅಣ್ಣ ಅತ್ತಿಗೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುವವರು. ನಾಲ್ಕನೇ ಮಹಡಿಯ ಆ ಮನೆಯಲ್ಲಿ ಅಮ್ಮ ದಿನಕ್ಕೆ ಹನ್ನೆರಡು ಗಂಟೆ ಒಬ್ಬಳೇ. ಊರಿನಲ್ಲಾದರೆ ಬೇಲಿಯಾಚೆಯಿಂದ ಕೂಗಿ ಮಾತಾಡಿಸುವವರಿದ್ದರು, ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರು ಫೋನು ನೋಡುತ್ತಾರೆ. ಇನ್ನು ನನ್ನ ಓದು. ಶನಿವಾರ ಅಣ್ಣನ ಮನೆಗೆ ಹೋಗಿ, ಬಾಲ್ಕನಿಯ ಕಂಬಿ ಹಿಡಿದು ರಸ್ತೆ ನೋಡುತ್ತ ನಿಂತ ಅಮ್ಮನನ್ನು ಕಂಡು ಬಂದಮೇಲೆ ಮಂಗಳವಾರದವರೆಗೂ ನನ್ನಿಂದ ಒಂದು ಸಾಲು ಕೋಡ್ ಬರೆಯಲಾಗುತ್ತಿರಲಿಲ್ಲ.

ಮೂರಕ್ಕೆ ಮೂರೂ ಅತೃಪ್ತ. ಹೊರಗಿನಿಂದ ನೋಡಿದವರಿಗೆ ಮಾತ್ರ ಎಲ್ಲವೂ ಅಚ್ಚುಕಟ್ಟು. ಫೋನು ಮಾಡಿದ ನೆಂಟರೆಲ್ಲ "ಒಳ್ಳೇದಾಯ್ತು, ಎಲ್ಲ ಒಂದು ದಡ ಸೇರಿದಿರಿ" ಎನ್ನುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು. ಐದು ತಿಂಗಳಲ್ಲಿ ಮೂವರಲ್ಲಿ ಒಬ್ಬರೂ ಇನ್ನೊಬ್ಬರ ಹತ್ತಿರ ದೂರಲಿಲ್ಲ. ಮಾವ ಹೇಳಿಯಾಗಿತ್ತಲ್ಲ.

ಹದಿಮೂರನೆಯ ದಿನದ ಆ ಹಗುರ ಎಲ್ಲಿಂದ ಬಂದಿತ್ತು ಎಂಬುದು ಆಗ ಹೊಳೆಯಿತು. ಇಕ್ಕಟ್ಟು ಬಗೆಹರಿದದ್ದಕ್ಕೆ ಹಗುರವಾದದ್ದಲ್ಲ ಅದು. ಆರಿಸುವ ಹೊಣೆ ಹೆಗಲಿನಿಂದ ಇಳಿದದ್ದಕ್ಕೆ. ಇವೆರಡೂ ಒಳಗಿನಿಂದ ಒಂದೇ ಥರ ಅನ್ನಿಸುತ್ತವೆ.

ಮಹಾಭಾರತ ಓದುವಾಗ ಈಗ ಇದೇ ನೆನಪಾಗುತ್ತದೆ. ಕುರುಕ್ಷೇತ್ರದಲ್ಲಿ ಅರ್ಜುನನ ಧರ್ಮಸಂಕಟ ಮುಗಿದದ್ದು ವಿಶ್ವರೂಪದಂಥ ದರ್ಶನದ ಎದುರು. ಅದಕ್ಕಿಂತ ಬಲವಾದ ಕ್ಷೇತ್ರ ಇನ್ನೊಂದಿಲ್ಲ. ಅವನು ಬಿಲ್ಲು ಎತ್ತಿಕೊಂಡ. ಆದರೆ ವ್ಯಾಸರ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಶಾಂತಿಪರ್ವ ಎಂಬ ಹೆಸರಿನ ಪರ್ವ ತೆರೆಯುವುದೇ ಧರ್ಮರಾಯನ ಶೋಕದಿಂದ. ಗೆದ್ದ ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ಅದಕ್ಕೂ ಮುಂದೆ, ಅಶ್ವಮೇಧಿಕ ಪರ್ವದಲ್ಲಿ, ಅರ್ಜುನ ಕೃಷ್ಣನ ಬಳಿ ಬಂದು, ಯುದ್ಧದ ಹೊತ್ತಿಗೆ ನೀನು ಹೇಳಿದ್ದೆಲ್ಲ ನನಗೆ ಮರೆತುಹೋಗಿದೆ, ಇನ್ನೊಮ್ಮೆ ಹೇಳು ಎಂದು ಕೇಳುತ್ತಾನೆ. ಕೃಷ್ಣನಿಗೆ ಬೇಸರವಾಗುತ್ತದೆ. ಆದರೆ ಭೌತವಿಜ್ಞಾನ ಓದಿದವರಿಗೆ ಆಶ್ಚರ್ಯವಾಗಬಾರದು. ಕ್ಷೇತ್ರ ಆರಿದ ಮೇಲೆ ಇಂಥ ಬಾಣಗಳು ಹಿಡಿದ ದಿಕ್ಕನ್ನು ಉಳಿಸಿಕೊಳ್ಳುವುದಿಲ್ಲ. ಒಳಗಿನ ಸಂಬಂಧಗಳು ಮೊದಲಿದ್ದಂತೆಯೇ ಇದ್ದವು. ಇಕ್ಕಟ್ಟು ಮರಳಿ ಬರುತ್ತದೆ.

*

ಹಾಗಾದರೆ ನನ್ನಂಥವರು ಬಲವಾದ ಕ್ಷೇತ್ರಗಳ ಹಿಂದೆ ಬಿದ್ದಿರುವುದು ಯಾಕೆ? ಸಂತೃಪ್ತ ಸ್ಥಿತಿ ಯಾರಿಗೂ ಬೇಕಾಗಿಲ್ಲ. ಬೇಕಾದದ್ದು ಅಲ್ಲಿಗೆ ಹೋಗುವ ದಾರಿ.

1981ರಲ್ಲಿ ಬಿ. ಶ್ರೀರಾಮ ಶಾಸ್ತ್ರಿ ಮತ್ತು ಬಿಲ್ ಸದರ್ಲೆಂಡ್ ಕಾಗದದ ಮೇಲೆ ಒಂದು ವಿಚಿತ್ರ ಜಾಲವನ್ನು ಕಲ್ಪಿಸಿದರು. ಶಾಸ್ತ್ರಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರಾಧ್ಯಾಪಕರಾಗಿದ್ದವರು. ಅವರ ಜಾಲದಲ್ಲಿ ಪ್ರತಿ ಸ್ಪಿನ್‌ಗೂ ಒಂದು ಆಪ್ತ ಜೊತೆ. ಆ ಎರಡು ಸೇರಿ ಕ್ವಾಂಟಂ ಜೋಡಿಯಾಗುತ್ತವೆ. ಅದರಲ್ಲಿ ಇದು ಮೇಲೆ, ಅದು ಕೆಳಗೆ ಎಂದು ಹೇಳಲಾಗುವುದಿಲ್ಲ, ಪರಸ್ಪರ ವಿರುದ್ಧ ಎಂದಷ್ಟೇ ಹೇಳಬಹುದು. ಉಳಿದ ನೆರೆಹೊರೆಯ ಬೇಡಿಕೆಗಳು ತ್ರಿಕೋನಗಳ ಜೋಡಣೆಯಿಂದಾಗಿ ಒಂದನ್ನೊಂದು ಹೊಡೆದುಹಾಕುತ್ತವೆ. ಹದಿನೆಂಟು ವರ್ಷಗಳ ನಂತರ, 1999ರಲ್ಲಿ, ಸ್ಟ್ರಾಂಶಿಯಂ ಕಾಪರ್ ಬೋರೇಟ್ ಎಂಬ ಹರಳಿನಲ್ಲಿ ತಾಮ್ರದ ಪರಮಾಣುಗಳು ಇದೇ ಜಾಲದಲ್ಲಿ ಕೂತಿವೆ ಎಂದು ಜಪಾನಿನ ಸಂಶೋಧಕರು ತೋರಿಸಿದರು.

ಈ ಹರಳಿನ ಮೇಲೆ ಕಾಂತಕ್ಷೇತ್ರ ಹೆಚ್ಚಿಸುತ್ತ ಹೋದರೆ, ಸುಮಾರು 20 ಟೆಸ್ಲಾದವರೆಗೆ ಅದು ಹೆಚ್ಚುಕಡಿಮೆ ಮಿಸುಕುವುದಿಲ್ಲ. ಆಮೇಲೆ ಬಗ್ಗತೊಡಗುತ್ತದೆ, ಆದರೆ ಕ್ಷೇತ್ರ ಎಳೆದಂತೆಲ್ಲ ಬರುವುದಿಲ್ಲ. ಪೂರ್ಣ ಕಾಂತತ್ವದ ಎಂಟನೇ ಒಂದು ಪಾಲು ಕೊಟ್ಟು ನಿಲ್ಲುತ್ತದೆ. ಕ್ಷೇತ್ರ ಏರಿಸಿದರೂ ಸ್ವಲ್ಪ ಹೊತ್ತು ಹಟ ಹಿಡಿದು, ಮುಂದೆ ನಾಲ್ಕನೇ ಒಂದು ಪಾಲು, ಆಮೇಲೆ ಮೂರನೇ ಒಂದು ಪಾಲು. 2013ರಲ್ಲಿ ಪ್ರಕಟವಾದ, 118 ಟೆಸ್ಲಾವರೆಗೆ ಹೋದ ಪ್ರಯೋಗದಲ್ಲಿ ಅರ್ಧ ಪಾಲಿನ ನಿಲ್ದಾಣವೂ ಕಂಡಿತು. ನಕ್ಷೆಯಲ್ಲಿ ಇವು ಗದ್ದೆಯ ಮಡಿಗಳಂತೆ, ಒಂದರ ಮೇಲೊಂದು ಮೆಟ್ಟಿಲಾಗಿ ಕಾಣುತ್ತವೆ. ಈ ನಿಲ್ದಾಣಗಳಿಂದಲೇ ಒಳಗೆ ಯಾರು ಯಾರೊಂದಿಗೆ ಹೇಗೆ ಬೆಸೆದುಕೊಂಡಿದ್ದಾರೆ ಎಂಬುದನ್ನು ನಾವು ಓದುವುದು.

ಅಂದರೆ ಬಲವಾದ ಕ್ಷೇತ್ರವನ್ನು ಎರಡು ರೀತಿಯಲ್ಲಿ ಬಳಸಬಹುದು. ಉತ್ತರವಾಗಿ ಬಳಸಿದರೆ ಎಲ್ಲರೂ ಒಂದೇ ಕಡೆ ತಿರುಗುತ್ತಾರೆ, ಏನೂ ತಿಳಿಯುವುದಿಲ್ಲ. ಪ್ರಶ್ನೆಯಾಗಿ ಬಳಸಿದರೆ, ಎಲ್ಲಿ ಬಗ್ಗುತ್ತಾರೆ, ಎಲ್ಲಿ ಬಗ್ಗುವುದಿಲ್ಲ ಎಂಬುದು ಗೊತ್ತಾಗುತ್ತದೆ. ಮಾವನ ತೀರ್ಮಾನವನ್ನು ನಾವು ಉತ್ತರ ಎಂದುಕೊಂಡಿದ್ದೆವು. ಐದು ತಿಂಗಳ ಮೇಲೆ ಅದನ್ನು ಪ್ರಶ್ನೆಯಾಗಿ ಓದಲು ಕೂತೆವು. ಅಮ್ಮನಿಗೆ ಬೇಕಾಗಿದ್ದದ್ದು ಇಡೀ ತೋಟವೇನಲ್ಲ, ಕೊನೆ ಕೊಯ್ಲಿನ ತಿಂಗಳುಗಳಲ್ಲಿ ಆ ಅಂಗಳದಲ್ಲಿರುವುದು. ಅಣ್ಣನ ಭಯ ಒಂಟಿತನದ ಬಗ್ಗೆ ಅಲ್ಲ, ಮಳೆಗಾಲದ ರಾತ್ರಿ ಅಪ್ಪನಿಗೆ ಎದೆನೋವು ಬಂದಾಗ ವಾಹನ ಸಿಗದೆ ಹೋದದ್ದರ ಬಗ್ಗೆ. ಹದಿಮೂರನೆಯ ದಿನ ನಮಗೆ ಇವು ಯಾವುವೂ ಗೊತ್ತಿರಲಿಲ್ಲ.

*

ತ್ರಿಕೋನದ ಬಗ್ಗೆ ನಾನು ಇನ್ನೊಂದು ಸಂಗತಿ ಹೇಳದೆ ಉಳಿಸಿಕೊಂಡಿದ್ದೆ. ಇಲ್ಲಿಯವರೆಗೆ ಬಾಣಗಳಿಗೆ ಎರಡೇ ದಿಕ್ಕು ಕೊಟ್ಟಿದ್ದೆ: ಮೇಲೆ, ಕೆಳಗೆ. ಹೌದು, ಅಲ್ಲ. ನಿಜವಾದ ಎಷ್ಟೋ ವಸ್ತುಗಳಲ್ಲಿ ಸ್ಪಿನ್ ಯಾವ ದಿಕ್ಕಿಗೂ ತಿರುಗಬಹುದು. ಆಗ ಮೂರು ಬಾಣಗಳು ಒಂದಕ್ಕೊಂದು 120 ಡಿಗ್ರಿ ಕೋನದಲ್ಲಿ ನಿಲ್ಲುತ್ತವೆ. ಯಾವ ಬಾಹುವೂ ಪೂರ್ತಿ ತೃಪ್ತವಲ್ಲ, ಯಾವುದೂ ಪೂರ್ತಿ ಅತೃಪ್ತವಲ್ಲ, ಪ್ರತಿಯೊಂದಕ್ಕೂ ಅರ್ಧರ್ಧ.

ಲೆಕ್ಕ ಹಾಕಿ. ಪೂರ್ತಿ ತೃಪ್ತವಾದ ಬಾಹುವಿಗೆ ಒಂದು ಅಂಕ, ಪೂರ್ತಿ ಅತೃಪ್ತವಾದುದಕ್ಕೆ ಒಂದು ಅಂಕ ಕಳೆಯಿರಿ. ಹೌದು, ಅಲ್ಲಗಳ ತ್ರಿಕೋನದಲ್ಲಿ ಒಂದು ಕೂಡಿಸು ಒಂದು, ಕಳೆ ಒಂದು, ಒಟ್ಟು ಒಂದು. ಸಂತೃಪ್ತ ಸ್ಥಿತಿಯಲ್ಲಿ ಋಣ ಮೂರು. 120 ಡಿಗ್ರಿಯ ತ್ರಿಕೋನದಲ್ಲಿ ಅರ್ಧ, ಅರ್ಧ, ಅರ್ಧ, ಒಟ್ಟು ಒಂದೂವರೆ. ಯಾರಿಗೂ ಪೂರ್ತಿ ಸಿಗದ ಈ ಹಂಚಿಕೆಯೇ ಮೂರರಲ್ಲಿ ಉತ್ತಮ. ಇಬ್ಬರನ್ನು ಪೂರ್ತಿ ತೃಪ್ತಿಪಡಿಸಿ ಒಬ್ಬರನ್ನು ಬಿಟ್ಟುಕೊಡುವುದಕ್ಕಿಂತಲೂ ಉತ್ತಮ.

ಈಗ ನಾವು ಮಾಡಿಕೊಂಡಿರುವ ವ್ಯವಸ್ಥೆ ಹೆಚ್ಚುಕಡಿಮೆ ಇದೇ. ಕೊಯ್ಲಿನ ನಾಲ್ಕು ತಿಂಗಳು ಅಮ್ಮ ಊರಿನಲ್ಲಿ. ಮಳೆಗಾಲದಲ್ಲಿ ಎರಡು ತಿಂಗಳು ನಾನು ಲ್ಯಾಪ್‌ಟಾಪ್ ಹಿಡಿದು ಅವಳ ಜೊತೆ ಅಲ್ಲೇ. ನನ್ನ ಕೆಲಸಕ್ಕೆ ಬೇಕಾದದ್ದು ಕರೆಂಟು ಮತ್ತು ನೆಟ್‌ವರ್ಕ್, ಎರಡೂ ಇದ್ದಾಗ ಇರುತ್ತವೆ. ಅಣ್ಣ ತಿಂಗಳಿಗೆ ಒಂದು ವಾರ ಊರಿನಿಂದ ಕೆಲಸ ಮಾಡುತ್ತಾನೆ. ಉಳಿದ ದಿನ ಅಮ್ಮ ಬೆಂಗಳೂರಿನಲ್ಲಿ. ತೋಟದ ಇಳುವರಿ ಕಡಿಮೆಯಾಗಿದೆ. ನನ್ನ ಪ್ರಬಂಧ ಒಂದು ವರ್ಷ ತಡವಾಗಲಿದೆ.

ಇಲ್ಲಿಗೆ ನಿಲ್ಲಿಸಿದರೆ ಬರಹ ಚೆನ್ನಾಗಿ ಮುಗಿಯುತ್ತದೆ. ಆದರೆ ಅದು ಪೂರ್ತಿ ನಿಜವಾಗುವುದಿಲ್ಲ.

ಬಾಣಗಳಿಗೆ ನೆನಪಿಲ್ಲ. ನಿನ್ನೆಯವರೆಗೆ ಯಾವ ಬಾಹು ಅತೃಪ್ತವಾಗಿತ್ತು ಎಂಬುದು ಇವತ್ತಿನ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಬರುತ್ತದೆ. ಅಪ್ಪ ಇರುವವರೆಗೂ ನಮ್ಮ ಮನೆಯಲ್ಲಿ ಇಂಥ ಇಕ್ಕಟ್ಟೇ ಇರಲಿಲ್ಲ ಎಂದು ನಾನು ನಂಬಿದ್ದೆ. ಅಮ್ಮ ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅಜ್ಜಿ ಹಾಸಿಗೆ ಹಿಡಿದಾಗ ಆ ಕೆಲಸ ಬಿಟ್ಟಳು. ಅಜ್ಜಿಯ ಆರೈಕೆ, ತೋಟದ ಕೆಲಸ, ಅಮ್ಮನ ಪಾಠ ಎಂಬ ತ್ರಿಕೋನ ಆಗಲೂ ಇತ್ತು. ಮೂವತ್ತು ವರ್ಷ ಅದೇ ಒಂದು ಬಾಹು ಅತೃಪ್ತವಾಗಿತ್ತು. ಅದು ಸದ್ದು ಮಾಡಲಿಲ್ಲವಾದ್ದರಿಂದ ನಾವು ಅದನ್ನು ಹೊಂದಾಣಿಕೆ ಎಂದೆವು. ನಮ್ಮೂರಲ್ಲಿ, ಬಸ್ಸಿನ ಸೀಟಿನಿಂದ ಸಂಸಾರದವರೆಗೆ, ಎಲ್ಲದಕ್ಕೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುತ್ತಾರೆ. ಮಾಡಿಕೊಂಡವರು ಯಾರು ಎಂದು ಎಣಿಸುವ ರೂಢಿಯಿಲ್ಲ.

ತ್ರಿಕೋನ ಜಾಲದಲ್ಲಿ ಇಂಥದೇ ಒಂದು ಸ್ಥಿತಿ ಇದೆ. ಬೇರಿಯಂ, ಕೋಬಾಲ್ಟ್, ಆಂಟಿಮನಿ, ಆಮ್ಲಜನಕ ಸೇರಿದ ಒಂದು ಹರಳನ್ನು ಸುಮಾರು 10ರಿಂದ 15 ಟೆಸ್ಲಾ ಕ್ಷೇತ್ರದಲ್ಲಿ ಇಟ್ಟಾಗ ಪ್ರತಿ ತ್ರಿಕೋನದಲ್ಲೂ ಎರಡು ಬಾಣ ಮೇಲೆ, ಒಂದು ಕೆಳಗೆ ನಿಲ್ಲುತ್ತವೆ. ಹಂಚಿಕೆ ಹೋಗಿ, ಯಾವ ಬಾಹು ಅತೃಪ್ತವಾಗಿರಬೇಕು ಎಂಬುದು ಇಡೀ ಹರಳಿನ ಉದ್ದಗಲಕ್ಕೂ ಗೊತ್ತುಪಡಿಸಿದಂತೆ ಕೂತುಬಿಡುತ್ತದೆ. ಇದಕ್ಕೆ ಎಲ್ಲವನ್ನೂ ತಿರುಗಿಸಿಬಿಡುವ ಕ್ಷೇತ್ರ ಬೇಡ, ಮಧ್ಯಮ ಬಲದ್ದು ಸಾಕು. ಹದಿಮೂರನೆಯ ದಿನ ಅಣ್ಣ ಕೆಲಸ ಬಿಡಲಿ ಎಂದು ಯಾರೂ ಹೇಳದೆ ಇದ್ದದ್ದು ಇಂಥದೊಂದು ಕ್ಷೇತ್ರದಿಂದ. ಮಾವ ಎದ್ದು ನಿಲ್ಲುವ ಮೊದಲೇ ಅದು ಜಗುಲಿಯಲ್ಲಿತ್ತು, ಎಷ್ಟೋ ತಲೆಮಾರುಗಳಿಂದ. ಮಗನ ಕೆಲಸ ಮಾತಿಗೆ ಬರುವುದಿಲ್ಲ. ಮಗಳ ಓದು, ಹೆಂಡತಿಯ ಪಾಠ ಬರುತ್ತವೆ.

ಆದ್ದರಿಂದ ಯಾರ ತಪ್ಪೂ ಇಲ್ಲ ಎಂದು ತ್ರಿಕೋನ ಹೇಳಿಕೊಡುವುದನ್ನು ನಾನು ಅರ್ಧವಷ್ಟೇ ಒಪ್ಪುತ್ತೇನೆ. ಒಂದು ಬಾಹು ಅತೃಪ್ತವಾಗುವುದರಲ್ಲಿ ಯಾರ ತಪ್ಪೂ ಇಲ್ಲ. ಪ್ರತಿ ಸಲವೂ ಅದೇ ಬಾಹು ಅತೃಪ್ತವಾಗುವುದರಲ್ಲಿ ಇದೆ. ಇಕ್ಕಟ್ಟನ್ನು ಇಲ್ಲವಾಗಿಸುವುದು ನಮ್ಮ ಕೈಯಲ್ಲಿಲ್ಲ. ಅದು ಎಲ್ಲಿ ಕೂತಿದೆ, ಎಷ್ಟು ದಿನದಿಂದ ಕೂತಿದೆ ಎಂದು ಕೇಳುವುದು ನಮ್ಮ ಕೈಯಲ್ಲಿದೆ. ಮೂವತ್ತು ವರ್ಷ ಹೊತ್ತವಳ ಎದುರು ಇವತ್ತು ಅರ್ಧರ್ಧ ಎನ್ನುವುದು ಲೆಕ್ಕಕ್ಕೆ ಸರಿ, ನ್ಯಾಯಕ್ಕೆ ಸಾಲದು.

ಇದನ್ನು ಅಮ್ಮನಿಗೆ ಹೇಳಿದೆ. ಈ ಬರಹವನ್ನು ಬರೆಯುತ್ತಿರುವುದು ಊರಿನಲ್ಲೇ. ಹೊರಗೆ ಮಳೆ, ಕರೆಂಟು ಹೋಗಿ ಎರಡು ಗಂಟೆಯಾಯಿತು. ಅಮ್ಮ ತರಕಾರಿ ಹೆಚ್ಚುತ್ತ ಕೇಳಿಸಿಕೊಂಡಳು. "ನಾನು ಕೆಲಸ ಬಿಟ್ಟಾಗ ಯಾರೂ ಬಿಡು ಅಂತ ಹೇಳ್ಲಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಇರು ಅಂತನೂ ಯಾರೂ ಹೇಳ್ಲಿಲ್ಲ" ಎಂದು ಸೇರಿಸಿದಳು.

ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಮೊದಲು ಅದರಲ್ಲಿ ಹಾಲಿನ ಲೆಕ್ಕ, ಏಕಾದಶಿ ಮಾತ್ರ ಇರುತ್ತಿತ್ತು. ಈಗ ಪ್ರತಿ ದಿನದ ಚೌಕದಲ್ಲಿ ಆವತ್ತು ಅಮ್ಮನ ಜೊತೆ ಯಾರಿರುತ್ತಾರೆ ಎಂದು ಪೆನ್ಸಿಲಿನಲ್ಲಿ ಬರೆಯುತ್ತೇವೆ. ಅಣ್ಣನ ಹೆಸರಿನ ಚೌಕಗಳು ಈ ತಿಂಗಳು ಮೊದಲಿಗಿಂತ ಹೆಚ್ಚಿವೆ. ಬೆಳಿಗ್ಗೆ ಅವನೇ ಫೋನು ಮಾಡಿ ಬರೆಸಿದ. ಎಷ್ಟು ಕೂಡಿ ಕಳೆದರೂ ತಿಂಗಳಲ್ಲಿ ನಾಲ್ಕೈದು ಚೌಕ ಖಾಲಿ ಉಳಿಯುತ್ತವೆ. ಅವನ್ನು ಈಗ ನಾವು ಮುಚ್ಚಿಡುವುದಿಲ್ಲ. ಖಾಲಿ ದಿನದ ಹಿಂದಿನ ರಾತ್ರಿ ಮೂವರೂ ಫೋನಿನಲ್ಲಿ ಕೂತು, ನಾಳೆ ಹೇಗೆ ಎಂದು ಮಾತಾಡುತ್ತೇವೆ.